ಕಾರ್ಡು ಯಾರಿಗೆ, ಊಟ ಯಾರಿಗೆ?



ತುಳಸಿ ಪೂಜೆ ಕಳೆಯುತ್ತಿದ್ದಂತೆ ಮುಂಬಯಿಯ ಮದುವೆ ಹಾಲ್‌ಗಳ ಬಾಗಿಲಿಗೆ ತೋರಣ ಏರತೊಡಗುತ್ತದೆ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಈ ವರ್ಷ ಅಕ್ಕನದೋ ಅಣ್ಣನದೋ ಮದುವೆ ಇರಬಹುದು. ಇನ್ನು ಕೆಲವರು ಸ್ವತಃ ಹಸೆಮಣೆ ಏರುವವರೇ ಇರಬಹುದು. ಮುಹೂರ್ತದ ವಿಷಯವನ್ನು ಹಿರಿಯರೂ ಪುರೋಹಿತರೂ ನೋಡಿಕೊಳ್ಳುತ್ತಾರೆ. ಸಂಜೆಯ 'ರಿಸೆಪ್ಶನ್' ಮಾತ್ರ ಈಗೀಗ ಪೂರ್ತಿಯಾಗಿ ನಿಮ್ಮ ಕೈಗೆ ಬಂದಿದೆ. ಕಾರ್ಡಿನ 'ಡಿಸೈನ್' ನಿಮ್ಮದು, 'ಮೆನು' ನಿಮ್ಮದು, ಬಾಗಿಲಲ್ಲಿ ಯಾವ ತಂಪು ಪಾನೀಯ ಕೊಡಬೇಕೆಂಬ ತೀರ್ಮಾನವೂ ನಿಮ್ಮದೇ. ಬಹಳ ಸಂತೋಷ. ಹಾಗಾದರೆ ಒಂದು ಪ್ರಶ್ನೆ ಕೇಳುತ್ತೇನೆ: ಈ ಆರತಕ್ಷತೆ ಯಾರಿಗಾಗಿ?

ನಿಮ್ಮ ಅತಿಥಿಗಳ ಪಟ್ಟಿ ತೆಗೆದು ನೋಡಿ. ಅದರಲ್ಲಿ ಎರಡು ಬಗೆಯ ಜನ ಇದ್ದಾರೆ. ಆಫೀಸಿನವರು, ಕಾಲೇಜಿನ ಗೆಳೆಯರು, ಬಿಲ್ಡಿಂಗಿನ ನೆರೆಹೊರೆಯವರು ಒಂದು ಬಗೆ. ಏಳೂವರೆಗೆ ಬಂದು, ಫೋಟೋ ತೆಗೆಸಿಕೊಂಡು, ಊಟ ಮಾಡಿ, ಒಂಬತ್ತರ ಸುಮಾರಿಗೆ ಲೋಕಲ್ ಹಿಡಿಯುವವರು. ಇನ್ನೊಂದು ಬಗೆ ಊರಿನಿಂದ ಬಂದವರು. ಮತ್ಸ್ಯಗಂಧಾ ರೈಲಿನಲ್ಲಿ ರಾತ್ರಿ ಕಳೆದು ಕುರ್ಲಾದಲ್ಲಿ ಇಳಿದವರು, ಹುಬ್ಬಳ್ಳಿ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಮೈ ನೋಯಿಸಿಕೊಂಡು ಬಂದವರು. ಮೊದಲನೆಯವರಿಗೆ ಏನು ಬೇಕೆಂದು ನಿಮಗೆ ಚೆನ್ನಾಗಿ ಗೊತ್ತು. ಎರಡನೆಯವರನ್ನು ಕೇಳಿದರೆ "ನಮಗೇನೂ ಬೇಡ ಮಗಾ, ಎಲ್ಲಾ ಚೆಂದ ಆಗಿದೆ" ಎನ್ನುತ್ತಾರೆ. ಇವರು ಬಾಯಿಬಿಟ್ಟು ಹೇಳುವವರಲ್ಲ. ಆದ್ದರಿಂದಲೇ ಇವರ ಪರವಾಗಿ ಸ್ವಲ್ಪ ಬರೆಯಬೇಕಾಗಿದೆ.

ಮೊದಲು ಕಾರ್ಡು. ಇಂಗ್ಲಿಷ್ ಕಾರ್ಡು ಒಂದೇ ಸಾಕು, ಉಳಿದವರಿಗೆ ವಾಟ್ಸಾಪ್ ಇದೆಯಲ್ಲ ಎಂಬುದು ಈಗಿನ ವಾಡಿಕೆ. ಆಫೀಸಿನವರಿಗೆ ಅದು ಸರಿ. ಆದರೆ ಊರಿನ ಮನೆಗಳಲ್ಲಿ ಕರೆಯೋಲೆ ಎಂದರೆ ಬರಿಯ ಸೂಚನೆಯಲ್ಲ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಮೊದಲನೆಯದನ್ನು ದೇವರ ಮುಂದಿಟ್ಟು, ಆಮೇಲೆ ಮನೆಮನೆಗೆ ಕೊಡುವ ಕಾಗದ ಅದು. ಅಜ್ಜಿ ಅದನ್ನು ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಲೆಕ್ಕವನ್ನು ತಲೆಗೆ ಹಾಕಬೇಡಿ, ಮನೆಗೆ ಹಾಕಿ. 400 ಜನರ ಪಟ್ಟಿ ಎಂದರೆ ಸುಮಾರು 150 ಮನೆ. ಅದರಲ್ಲಿ ಕನ್ನಡ ಕಾರ್ಡು ಬೇಕಾದ ಮನೆ 60 ಇದ್ದೀತು. ಅಷ್ಟನ್ನು ಅಚ್ಚು ಹಾಕಿಸುವುದು ದೊಡ್ಡ ಖರ್ಚಲ್ಲ.

ತೊಂದರೆ ಇರುವುದು ಖರ್ಚಿನಲ್ಲಲ್ಲ, ಅಕ್ಷರದಲ್ಲಿ. ಮುಂಬಯಿಯ ಪ್ರೆಸ್ಸಿನಲ್ಲಿ ಕಾರ್ಡು ಜೋಡಿಸುವ ಹುಡುಗನಿಗೆ ಕನ್ನಡ ಬಾರದು. ಮನೆಯಲ್ಲಿ ಕನ್ನಡ ಮಾತಾಡುವ ನಿಮ್ಮಲ್ಲಿ ಎಷ್ಟೋ ಜನರಿಗೆ ಓದಲು ಬಾರದು. ಇಬ್ಬರ ನಡುವೆ ಒತ್ತಕ್ಷರ ಬಿದ್ದು ಸಾಯುತ್ತದೆ! ಯೂನಿಕೋಡ್ ಅಕ್ಷರಗಳನ್ನು ಸರಿಯಾಗಿ ಜೋಡಿಸಲಾರದ ಹಳೆಯ ಸಾಫ್ಟ್‌ವೇರ್‌ಗೆ ಕನ್ನಡವನ್ನು ಅಂಟಿಸಿದರೆ 'ಶ್ರೀ' ಒಡೆದು ಎರಡು ತುಂಡಾಗುತ್ತದೆ, 'ಆರತಕ್ಷತೆ'ಯ 'ಕ್ಷ' ಬಿಚ್ಚಿಕೊಳ್ಳುತ್ತದೆ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿ ಕಳಿಸಿದರೆ, ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಇನ್ನು 'ಧ' ಮತ್ತು 'ಥ'. ಒಂದು ಚುಕ್ಕೆಯ ವ್ಯತ್ಯಾಸ. 'ವಧು' ಹೋಗಿ 'ವಥು' ಆಗುತ್ತಾಳೆ. ಯಂತ್ರಾನುವಾದದ ಗೊಡವೆಗಂತೂ ಹೋಗಬೇಡಿ. ಅದು 'ರಿಸೆಪ್ಶನ್' ಎಂಬುದನ್ನು 'ಸ್ವಾಗತ' ಎಂದು ಮಾಡಿಬಿಟ್ಟರೆ, ಅತ್ತೆ ಮಾವಂದಿರು ಊಟವಿದೆಯೋ ಇಲ್ಲವೋ ಎಂದು ಯೋಚಿಸುತ್ತಾ ಕುಳಿತಾರು.

ಪರಿಹಾರ ಸುಲಭ. ಊರಿನಲ್ಲಿ ಯಾರದಾದರೂ ಮದುವೆಯ ಹಳೆಯ ಕಾರ್ಡು ತರಿಸಿ, ಒಕ್ಕಣೆಯನ್ನು ಅದರಿಂದ ತೆಗೆದುಕೊಳ್ಳಿ. ಪ್ರೆಸ್ಸಿಗೆ ಅಕ್ಷರವನ್ನಲ್ಲ, ಕನ್ನಡ ಬಲ್ಲವರು ಜೋಡಿಸಿದ ಪಿ.ಡಿ.ಎಫ್. ಕಳಿಸಿ. ಅಚ್ಚಿಗೆ ಮೊದಲು ಕಾಗದದ ಮೇಲೆ ಒಂದು 'ಪ್ರೂಫ್' ತೆಗೆಸಿ, ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರೊಬ್ಬರ ಕೈಗೆ ಕೆಂಪು ಪೆನ್ನು ಕೊಡಿ. ನಮ್ಮ ಸಂಘದಲ್ಲೇ ಅಂಥವರು ಎಷ್ಟೋ ಜನ ಇದ್ದಾರೆ, ಕೇಳಿದರೆ ಅವರಿಗೂ ಖುಷಿ. ಅವರು ಓದುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ. 'ಚಿ.' ಎಂದರೆ ಚಿರಂಜೀವಿ, 'ಸೌ.' ಎಂದರೆ ಸೌಭಾಗ್ಯವತಿ, 'ದಿ.' ಎಂದರೆ ದಿವಂಗತ ಎಂಬುದೆಲ್ಲ ಆಗ ತಿಳಿಯುತ್ತದೆ.

ಈ ಬಿರುದುಗಳ ವಿಷಯದಲ್ಲಿ ನನ್ನದೊಂದು ಅಭಿಪ್ರಾಯವಿದೆ. ಗಂಡನನ್ನು ಕಳೆದುಕೊಂಡ ಅಜ್ಜಿಯ ಹೆಸರಿನ ಹಿಂದೆ 'ಗಂ. ಭಾ.' ಎಂದು ಹಾಕುವ ರೂಢಿ ಉತ್ತರ ಕರ್ನಾಟಕದಲ್ಲೂ ಇಲ್ಲಿನ ಮರಾಠಿಗರಲ್ಲೂ ಇದೆ. ಗಂಗಾ ಭಾಗೀರಥಿ ಎಂದರೆ ಕೇಳಲು ಪವಿತ್ರವಾಗಿಯೇ ಇದೆ. ಆದರೆ ಮೊಮ್ಮಗಳ ಮದುವೆಯ ಕಾಗದದಲ್ಲಿ ಅಜ್ಜಿಯ ವೈಧವ್ಯವನ್ನು ಸಾರುವ ಅಗತ್ಯವೇನು? 'ಶ್ರೀಮತಿ' ಎಂದು ಹಾಕಿ. ಕೆಲವು ಮನೆಗಳಲ್ಲಿ ಅವರ ಹೆಸರನ್ನೇ ಬಿಟ್ಟುಬಿಡುತ್ತಾರೆ. ಅದು ಇನ್ನೂ ಕೆಟ್ಟದ್ದು. ಹಿರಿಯರು ಗೊಣಗಿದರೆ ಗೊಣಗಲಿ, ಈ ಒಂದು ವಿಷಯದಲ್ಲಿ ನೀವು ಹಟ ಹಿಡಿಯಬಹುದು.

ಕಾರ್ಡಿಗೆ ಹೊಳೆಯುವ ಪ್ಲಾಸ್ಟಿಕ್ ಹಾಳೆ ಸುತ್ತಿಸಬೇಡಿ. 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಆಮಂತ್ರಣ ಪತ್ರಿಕೆಗೂ ಸಿಹಿತಿಂಡಿಯ ಪೆಟ್ಟಿಗೆಗೂ ಸುತ್ತುವ ಹಾಳೆಯೂ ಸೇರಿದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಅಲಂಕಾರದ ಥರ್ಮೋಕೋಲ್ ಎಲ್ಲವೂ ಅದೇ ಪಟ್ಟಿಯಲ್ಲಿವೆ. ಅಡುಗೆ ಗುತ್ತಿಗೆದಾರರಿಗೆ ಮೊದಲೇ ಹೇಳಿ ಸ್ಟೀಲ್ ಲೋಟ ತರಿಸಿ.

ಇನ್ನು ಊಟ. ಇಲ್ಲಿ ನಿಜವಾದ ಕಷ್ಟ 'ಮೆನು'ವಿನದಲ್ಲ, ಗಂಟೆಯದು. ವಧೂವರರು ಅಲಂಕಾರ ಮುಗಿಸಿ ವೇದಿಕೆಗೆ ಬರುವಾಗ ಎಂಟು. ಫೋಟೋದ ಸಾಲು ಕರಗುವಾಗ ಹತ್ತು. ಆಮೇಲೆ ಊಟ. ಊರಿನಲ್ಲಿ ಏಳೂವರೆಗೆ ಉಂಡು ಮಲಗುವ, ಸಕ್ಕರೆ ಕಾಯಿಲೆಗೆ ಊಟಕ್ಕೆ ಮುಂಚೆ ಮಾತ್ರೆ ನುಂಗುವ ಎಪ್ಪತ್ತರ ಮಾವ ಅಲ್ಲಿಯವರೆಗೆ ಏನು ಮಾಡಬೇಕು? ಹೊಸಬರ ಮುಂದೆ ತಟ್ಟೆ ಹಿಡಿದು ಮೊದಲು ಹೋಗಲು ಅವರಿಗೆ ಸಂಕೋಚ. ಆ ಮೇಲೆ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಊರುಗೋಲು!

ಆದ್ದರಿಂದ ಹಾಲ್ ಗೊತ್ತುಮಾಡುವಾಗಲೇ ಪಕ್ಕದ ಕೋಣೆಯೊಂದನ್ನು ಕೇಳಿ. ಅಲ್ಲಿ ಮೇಜು ಕುರ್ಚಿ ಹಾಕಿಸಿ, ಏಳು ಗಂಟೆಗೆ ಸರಿಯಾಗಿ ಐವತ್ತು ಎಲೆಯ ಒಂದು ಪಂಕ್ತಿ. ಎಲೆಗೆ ಮಾಟುಂಗಾ ಮಾರ್ಕೆಟ್ ಇದೆ. ಹತ್ತು ಹದಿನೈದು ಎಲೆಗೆ ಒಬ್ಬರಂತೆ ನಾಲ್ಕು ಜನ ಬಡಿಸುವವರು ಸಾಕು. ಒಬ್ಬಿಬ್ಬರು ನೀವೇ ನಿಲ್ಲಿ. ಎಲೆಯ ತುದಿ ಕುಳಿತವರ ಎಡಕ್ಕೆ ಬರಬೇಕು ಎಂಬುದಷ್ಟು ನೆನಪಿರಲಿ. ಅಡುಗೆ ಭಾರಿ ಏನೂ ಬೇಡ. ಕೋಸಂಬರಿ, ಒಂದು ಪಲ್ಯ, ಬಿಸಿ ಅನ್ನ, ಸಾರು, ತುಪ್ಪ, ಒಂದು ಸಿಹಿ, ಮಜ್ಜಿಗೆ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಅವರು ನೆಮ್ಮದಿಯಾಗಿ ಬಂದು ಅಕ್ಷತೆ ಹಾಕುತ್ತಾರೆ.

ಹೊರಗಿನ ಬುಫೆಯಲ್ಲಿ ಚಾಟ್, 'ಚೈನೀಸ್', ಪಾಸ್ತಾ ಎಂದು ಏಳೆಂಟು ಕೌಂಟರ್ ಇಡುವುದು ಒಂದು ಚಟವಾಗಿದೆ. ಅರ್ಧ ಕಡಿಮೆ ಮಾಡಿ. ಪಾವ್ ಭಾಜಿ ಇರಲಿ, ಅದು ನಮ್ಮದೂ ಆಗಿದೆ. ಉಳಿದ ದುಡ್ಡಿನಲ್ಲಿ ನಿಮ್ಮ ಊರಿನ ಒಂದೇ ಒಂದು ಪದಾರ್ಥವನ್ನು ಸರಿಯಾಗಿ ಮಾಡಿಸಿ. ಆದರೆ ಲೆಕ್ಕ ಹಾಕಿ ಆರಿಸಿ. ನೀರುದೋಸೆ ಎಲ್ಲರಿಗೂ ಆಸೆ. ಒಂದಕ್ಕೆ ಒಂದೂವರೆ ನಿಮಿಷ ಎಂದರೂ ಒಂದು ಕಾವಲಿಗೆ ಗಂಟೆಗೆ 40, ನಾಲ್ಕು ಕಾವಲಿಗೆ 160. ಮುನ್ನೂರು ಜನ ತಲಾ ಎರಡು ಕೇಳಿದರೆ ನಾಲ್ಕು ಗಂಟೆಯ ಕೆಲಸ! ಪತ್ರೊಡೆಯಾದರೆ ಮೊದಲೇ ಬೇಯಿಸಿಡಬಹುದು. ಧಾರವಾಡದ ಕಡೆಯವರಿಗೆ ಇನ್ನೂ ಅನುಕೂಲ: ಖಡಕ್ ಜೋಳದ ರೊಟ್ಟಿ ಊರಿನಿಂದಲೇ ಕಟ್ಟಿಕೊಂಡು ಬರುತ್ತದೆ, ಎಣ್ಣೆಗಾಯಿ ಮತ್ತು ಶೇಂಗಾ ಹಿಂಡಿ ಇಲ್ಲಿ ಆಗುತ್ತದೆ. ಮೈಸೂರಿನವರು ಬಿಸಿಬೇಳೆ ಬಾತ್ ಇಟ್ಟರೆ ಕೊಪ್ಪರಿಗೆ ಖಾಲಿಯಾಗುವುದೇ ಗೊತ್ತಾಗದು. ಮಾಂಸಾಹಾರದ ಮನೆಗಳವರು ಕೋರಿ ರೊಟ್ಟಿಗೆ ಬೇರೆಯೇ ಮೇಜು, ಬೇರೆಯೇ ಸೌಟು ಇಡಿಸಿ. ಎರಡು ಕಡೆಯವರಿಗೂ ನಿರಾಳ.

ಪದಾರ್ಥದ ಮುಂದಿಡುವ ಚೀಟಿಯೂ ಮದುವೆಯ ಕಾಗದವೇ. ಅಲ್ಲಿ ನಮ್ಮ ಸಾರು 'ರಸಂ' ಆಗಿ, ಹುಳಿ 'ಸಾಂಬಾರ್' ಆಗಿ ಕುಳಿತಿರುವುದನ್ನು ನೋಡಿ ನೋಡಿ ಸಾಕಾಗಿದೆ. ಕನ್ನಡ ಹೆಸರನ್ನೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿಸಿ. ಕೆಳಗೆ ಸಣ್ಣದಾಗಿ, ಶೇಂಗಾ ಇದೆಯೇ, ಈರುಳ್ಳಿ ಬೆಳ್ಳುಳ್ಳಿ ಇದೆಯೇ ಎಂದಿರಲಿ. ಜೈನ ಗೆಳೆಯರು ಕೇಳುವ ಮುಜುಗರವಿಲ್ಲದೆ ಊಟ ಮಾಡುತ್ತಾರೆ.

ಪಾನೀಯಕ್ಕೆ ಬಣ್ಣದ 'ಮಾಕ್‌ಟೇಲ್' ಏಕೆ? ಕರಾವಳಿಯ ಪುನರ್ಪುಳಿ, ಶಿರಸಿ ಕಡೆಯ ಮುರುಗಲು, ಇಲ್ಲಿಯ ಕೋಕಂ ಎಲ್ಲ ಒಂದೇ ಹಣ್ಣು. ಅದರ ಶರಬತ್ತು ಕೊಟ್ಟರೆ ಮರಾಠಿ ಬೀಗರಿಗೂ ಮನೆಯದೇ ಅನಿಸುತ್ತದೆ. 150 ಮಿ.ಲೀ. ಲೋಟಕ್ಕೆ 300 ಜನ ಎಂದರೆ 45 ಲೀಟರ್. ಎರಡನೇ ಲೋಟ ಕೇಳುವವರಿಗಾಗಿ 60 ಇಟ್ಟುಕೊಳ್ಳಿ. ನೀರುಮಜ್ಜಿಗೆ ಅಗ್ಗ: ಒಂದು ಲೀಟರ್ ಮೊಸರಿಗೆ ಮೂರು ಲೀಟರ್ ನೀರು. ಮತ್ತೊಂದು ಬಗೆಯ 'ಪಾನೀಯ'ದ ಚರ್ಚೆ ನಿಮ್ಮ ನಿಮ್ಮ ಮನೆಗೆ ಬಿಟ್ಟದ್ದು. ಇಡುವುದೇ ಆದರೆ ಹಾಲ್‌ನವರ ಒಪ್ಪಿಗೆಯೂ ಅಬಕಾರಿ ಇಲಾಖೆಯ ಒಂದು ದಿನದ ಪರವಾನಗಿಯೂ ಬೇಕು.

ಎಷ್ಟು ಜನ ಬರುತ್ತಾರೆಂದು ತಿಳಿಯುವುದು ಹೇಗೆ? ಕಾರ್ಡಿನಲ್ಲಿ 'ಉತ್ತರ ಕೊಡಿ' ಎಂದು ಬರೆದರೆ ನಮ್ಮವರಾರೂ ಉತ್ತರ ಕೊಡುವುದಿಲ್ಲ. ಫೋನು ಮಾಡಿ "ಎಷ್ಟು ಜನ ಬರ್ತೀರಿ?" ಎಂದರೆ ಲೆಕ್ಕ ಕೇಳಿದಂತಾಗಿ ಬೇಸರಪಟ್ಟುಕೊಳ್ಳುತ್ತಾರೆ. ಹದಿನೈದು ದಿನ ಮುಂಚೆ ಹೀಗೆ ಕೇಳಿ: "ಚಿಕ್ಕಮ್ಮ, ಯಾವ ಗಾಡಿಗೆ ಬರ್ತಾ ಇದ್ದೀರಿ? ಉಳಿದುಕೊಳ್ಳೋ ವ್ಯವಸ್ಥೆ ಮಾಡಬೇಕು." ಎಷ್ಟು ಟಿಕೆಟ್, ಯಾರಿಗೆ ಮೆಟ್ಟಿಲು ಹತ್ತಲಾಗದು, ಯಾರಿಗೆ ಉಪ್ಪು ಕಡಿಮೆ, ಯಾರು ಅದೇ ರಾತ್ರಿ ಹಿಂದಿರುಗುತ್ತಾರೆ ಎಂಬುದೆಲ್ಲ ತಾನಾಗಿ ಬರುತ್ತದೆ. ಫೋನನ್ನು ಅಮ್ಮನ ಕೈಗೆ ಕೊಡದೆ ನೀವೇ ಮಾಡಿ. ಕನ್ನಡ ತಡವರಿಸಿದರೂ ಚಿಂತೆಯಿಲ್ಲ.

ಅದೇ ರಾತ್ರಿ ಬಸ್ಸು ಹಿಡಿಯುವವರ ಪಟ್ಟಿ ಬೇರೆಯೇ ಇರಲಿ. ಅವರಿಗೆ ತಾಂಬೂಲದ ಬಟ್ಟೆಚೀಲದ ಜೊತೆ ಒಂದೊಂದು ಬುತ್ತಿ ಬೇಕು. ಪುಳಿಯೋಗರೆ ಮರುದಿನದವರೆಗೆ ಕೆಡುವುದಿಲ್ಲ, ಮೊಸರನ್ನ ಬೇಡ. ಬಾಳೆಲೆಯನ್ನು ಬೆಂಕಿಯ ಮೇಲೆ ಬಾಡಿಸಿ ಕಟ್ಟಬೇಕು, ಇಲ್ಲವಾದರೆ ಎಲೆ ಸೀಳುತ್ತದೆ. ಎಷ್ಟು ಬುತ್ತಿ ಎಂಬುದನ್ನು ಅಡುಗೆಯವರಿಗೆ ಹಿಂದಿನ ದಿನವೇ ಹೇಳಿಡಿ.