ಹೆಜ್ಜೆಯ ಲೆಕ್ಕವೋ, ನಡಿಗೆಯ ಗತಿಯೋ?

ಕನ್ನಡದಲ್ಲಿ ‘ನಡೆ’ ಎಂಬ ಧಾತುವಿನ ಅರ್ಥವ್ಯಾಪ್ತಿ ಬಹು ದೊಡ್ಡದು. ಕಾಲಿನಿಂದ ಸಾಗುವುದೂ ನಡೆಯೇ, ಬಾಳಿನಲ್ಲಿ ವರ್ತಿಸುವುದೂ ನಡೆಯೇ, ತಾಳದ ಓಟವೂ ನಡೆಯೇ. ನಡಿಗೆ, ನಡತೆ, ನಡವಳಿಕೆಗಳು ಒಂದೇ ಬೇರಿನ ಚಿಗುರುಗಳು. ಚಲಿಸುವುದನ್ನು ‘ಜಂಗಮ’ವೆಂದು ಕರೆದು ಅದಕ್ಕೆ ಪೂಜ್ಯಸ್ಥಾನವನ್ನಿತ್ತ ಪರಂಪರೆ ಈ ನಾಡಿನದು. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ಕಾಲ್ನಡಿಗೆಯಿಂದಲೇ ಸಾಗಿದಳೆಂದು ಪರಂಪರೆ ಹೇಳುತ್ತದೆ. ಇಂದಿಗೂ ಯುಗಾದಿ ಸಮೀಪಿಸಿದಾಗ ಉತ್ತರ ಕರ್ನಾಟಕದ ಸಹಸ್ರಾರು ಭಕ್ತರು ಕಂಬಿಗಳನ್ನು ಹೊತ್ತು ಮಲ್ಲಯ್ಯನ ಗಿರಿಯತ್ತ ಹೆಜ್ಜೆ ಹಾಕುತ್ತಾರೆ. ಇಂತಹ ನಾಡಿನಲ್ಲಿ ನಡೆಯುವುದನ್ನು ಹೊಸದಾಗಿ ಉಪದೇಶಿಸಬೇಕಾದ ಕಾಲ ಬಂದಿರುವುದು ವಿಷಾದದ ಸಂಗತಿ. ಆ ಉಪದೇಶದ ಹೊಣೆಯನ್ನು ಒಂದು ಸಂಖ್ಯೆಗೆ ಒಪ್ಪಿಸಿರುವುದು ಅದಕ್ಕಿಂತಲೂ ಹೆಚ್ಚಿನ ವಿಷಾದ.

ಆ ಸಂಖ್ಯೆ ಹತ್ತು ಸಾವಿರ. ಜೇಬಿನ ಮೊಬೈಲು, ಮುಂಗೈಯ ಗಡಿಯಾರಗಳೆಲ್ಲ ಇಂದು ಹೆಜ್ಜೆಗಳನ್ನೆಣಿಸುತ್ತವೆ. ದಿನಕ್ಕೆ ಹತ್ತು ಸಾವಿರ ತುಂಬಿದರೆ ಆರೋಗ್ಯ, ತುಂಬದಿದ್ದರೆ ಅಪರಾಧ ಎಂಬ ಭಾವನೆ ಸುಶಿಕ್ಷಿತರಲ್ಲಿ ಬೇರೂರಿದೆ. ನಿಮಿಷಕ್ಕೆ ನೂರು ಹೆಜ್ಜೆಯಂತೆ ನಡೆದರೂ ಹತ್ತು ಸಾವಿರಕ್ಕೆ ಒಂದು ಗಂಟೆ ನಲವತ್ತು ನಿಮಿಷ ಬೇಕು. ಬೆಳಗಿನ ರೈಲು ಹಿಡಿದು ಪಾಠಕ್ಕೆ ಬಂದು ಸಂಜೆ ಮನೆ ಸೇರುವ ಉಪಾಧ್ಯಾಯರಿಗೆ ಆ ಬಿಡುವೆಲ್ಲಿ? ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೈದಾಪುರದಂತಹ ಊರಿನಲ್ಲಿ ಬಿಸಿಲೇರುವ ಮುನ್ನ ದೊರೆಯುವ ತಂಪು ಹೊತ್ತೇ ಅಲ್ಪ. ಆಗ ನಡೆಯುವುದು ಎರಡೇ ರೀತಿ. ಕೆಲವರು ಊಟವಾದ ಮೇಲೆ ರಾತ್ರಿ ಪಡಸಾಲೆಯಲ್ಲಿ ಅತ್ತಿಂದಿತ್ತ ಕಾಲೆಳೆಯುತ್ತ ಸಂಖ್ಯೆಯನ್ನು ತುಂಬಿಸುತ್ತಾರೆ. ಬಹುಜನರು ನಾಲ್ಕು ದಿನ ಯತ್ನಿಸಿ, ತಮ್ಮಿಂದಾಗದೆಂದು ನಡಿಗೆಯನ್ನೇ ಕೈಬಿಡುತ್ತಾರೆ. ಮೊದಲನೆಯದರಲ್ಲಿ ಲೆಕ್ಕವುಂಟು, ಪ್ರಯೋಜನ ಕಡಿಮೆ. ಎರಡನೆಯದರಲ್ಲಿ ಎರಡೂ ಇಲ್ಲ.

ಈ ಸಂಖ್ಯೆಯ ಮೂಲವನ್ನು ಶೋಧಿಸಿದರೆ ಅದು ವೈದ್ಯಶಾಸ್ತ್ರದ ಸಿದ್ಧಾಂತವಾಗಿ ಹುಟ್ಟಿದ್ದಲ್ಲವೆಂಬುದು ತಿಳಿಯುತ್ತದೆ. 1964ರ ಟೋಕಿಯೋ ಒಲಿಂಪಿಕ್ ಕ್ರೀಡೆಗಳ ಮರುವರ್ಷ, 1965ರಲ್ಲಿ, ಜಪಾನಿನ ಗಡಿಯಾರದ ಕಂಪನಿಯೊಂದು ಹೆಜ್ಜೆಯೆಣಿಸುವ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ‘ಮಾನ್‌ಪೋ-ಕೇಯ್’. ‘ಹತ್ತು ಸಾವಿರ ಹೆಜ್ಜೆಗಳ ಮಾಪಕ’ ಎಂದು ಅದರ ಅರ್ಥ. ಮಾರಾಟಕ್ಕೆ ಒಪ್ಪುವ ಚೆಂದದ ಹೆಸರು ಕ್ರಮೇಣ ಜಗತ್ತಿಗೆಲ್ಲ ವಿಧಿವಾಕ್ಯವಾಯಿತು. ಹಾಗೆಂದು ಹೆಜ್ಜೆಗಳಿಗೆ ಬೆಲೆಯೇ ಇಲ್ಲವೆನ್ನುವುದು ತಪ್ಪಾದೀತು. ಸರಾಸರಿ ಎಪ್ಪತ್ತೆರಡು ವಯಸ್ಸಿನ, ಹದಿನಾರು ಸಾವಿರಕ್ಕೂ ಮಿಕ್ಕ ಅಮೆರಿಕದ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಸ್ಮರಣೀಯ. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು; 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ ಕುಳಿತಲ್ಲೇ ಕುಳಿತವನು ಎದ್ದು ನಾಲ್ಕು ಹೆಜ್ಜೆ ಹಾಕುವುದು ಪುಣ್ಯವೇ ಸರಿ. ಆದರೆ ಹತ್ತು ಸಾವಿರವೆಂಬುದು ದೇವರು ಕೊರೆದ ಗೆರೆಯಲ್ಲ.

ಹತ್ತು ಸಾವಿರ ಹೆಜ್ಜೆಗಳ ಲೆಕ್ಕವನ್ನು ಜಗತ್ತಿಗೆ ಕೊಟ್ಟ ಜಪಾನ್ ದೇಶವೇ ಅದಕ್ಕಿಂತ ಸರಳವಾದ ಇನ್ನೊಂದು ಮಾರ್ಗವನ್ನೂ ತೋರಿಸಿಕೊಟ್ಟಿದೆ. ಮಾತ್ಸುಮೋಟೋ ನಗರದ ಶಿನ್‌ಶೂ ವಿಶ್ವವಿದ್ಯಾಲಯದ ಹಿರೋಷಿ ನೋಸೆ ಹಾಗೂ ಅವರ ಸಹಸಂಶೋಧಕರು ರೂಪಿಸಿದ ಈ ವಿಧಾನದಲ್ಲಿ ಮೂರು ನಿಮಿಷ ನಿಧಾನವಾಗಿಯೂ ಮೂರು ನಿಮಿಷ ಬಿರುಸಾಗಿಯೂ ಸರದಿಯಂತೆ ನಡೆಯತಕ್ಕದ್ದು. ಇಂತಹ ಐದು ಆವರ್ತಗಳಾದರೆ ಅರ್ಧ ಗಂಟೆ. ವಾರಕ್ಕೆ ನಾಲ್ಕು ದಿನ ಸಾಕು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸರಾಸರಿ ಅರುವತ್ತಮೂರು ವಯಸ್ಸಿನ 246 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ ಐದು ತಿಂಗಳು ಪರೀಕ್ಷಿಸಲಾಯಿತು. ಒಂದು ಗುಂಪಿಗೆ ನಡಿಗೆಯ ಕಟ್ಟಳೆಯಿಲ್ಲ. ಇನ್ನೊಂದಕ್ಕೆ ಮಧ್ಯಮಗತಿಯಲ್ಲಿ ದಿನಕ್ಕೆ ಎಂಟು ಸಾವಿರ ಹೆಜ್ಜೆಗಳ ಗುರಿ. ಮತ್ತೊಂದಕ್ಕೆ ನಿಧಾನ-ಬಿರುಸುಗಳ ಸರದಿ. ಸರದಿಯಂತೆ ನಡೆದವರಲ್ಲಿ ಮೊಣಕಾಲನ್ನು ನೀಡುವ ಬಲ ಶೇಕಡಾ 13ರಷ್ಟು, ಮಡಿಸುವ ಬಲ ಶೇಕಡಾ 17ರಷ್ಟು ವೃದ್ಧಿಸಿತು. ಉಸಿರಿನ ಸಾಮರ್ಥ್ಯ ಹೆಚ್ಚಿತು. ರಕ್ತದೊತ್ತಡವು ಎಂಟು ಸಾವಿರ ಹೆಜ್ಜೆಯವರಲ್ಲಿಗಿಂತ ಅಧಿಕವಾಗಿ ಇಳಿಯಿತು. ಹೆಜ್ಜೆಗಳ ಗುರಿಯೂ ಗತಿಯ ನಿಯಮವೂ ಮುಖಾಮುಖಿಯಾದ ಈ ಪರೀಕ್ಷೆಯಲ್ಲಿ ಗೆದ್ದದ್ದು ಗತಿಯೇ.

ಇದು ಕನ್ನಡ ಛಂದಸ್ಸನ್ನು ಬಲ್ಲವರಿಗೆ ಅಚ್ಚರಿಯನ್ನುಂಟುಮಾಡದು. ಕಂದಪದ್ಯದ ಅಕ್ಷರಗಳನ್ನು ಯಾರೂ ಎಣಿಸುವುದಿಲ್ಲ. ಒಂದು ಕಂದದಲ್ಲಿ ಅಕ್ಷರಗಳು ಹೆಚ್ಚಿರಬಹುದು, ಇನ್ನೊಂದರಲ್ಲಿ ಕಡಿಮೆಯಿರಬಹುದು. ಮಾತ್ರೆಗಳು ಮಾತ್ರ ಅರುವತ್ತನಾಲ್ಕೇ. ಮಾತ್ರೆಯೆಂದರೆ ಕಾಲದ ಅಳತೆ. ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆಯ ಗಣವೂ ನಾಲ್ಕು ಮಾತ್ರೆಯ ಗಣವೂ ಒಂದರ ಬೆನ್ನಿಗೊಂದು ಬರುವುದರಿಂದಲೇ ಗಮಕಿಯ ಕಂಠಕ್ಕೆ ಆ ಓಟ ದಕ್ಕುತ್ತದೆ. ನಡಿಗೆಯ ವಿಷಯವೂ ಹೀಗೆಯೇ. ಹೆಜ್ಜೆಯೆಂಬುದು ಅಕ್ಷರ; ದೇಹಕ್ಕೆ ಬೇಕಾದುದು ಮಾತ್ರೆ. ಏಕರೀತಿಯ ಮಂದಗತಿಯಲ್ಲಿ ಹೃದಯವೂ ತೊಡೆಯ ಸ್ನಾಯುವೂ ತಮ್ಮ ಎಂದಿನ ಶಕ್ತಿಯನ್ನು ಮೀರಿ ದುಡಿಯುವ ಪ್ರಸಂಗವೇ ಬಾರದು. ಏಕರೀತಿಯ ತೀವ್ರಗತಿಯನ್ನು ವಯಸ್ಸಾದವರು ತಾಳಲಾರರು. ಎರಡನ್ನೂ ಹೆಣೆದಾಗ ಬಿರುಸು ಬಲವನ್ನು ಬೆಳೆಸುತ್ತದೆ, ನಿಧಾನವು ಮುಂದಿನ ಬಿರುಸಿಗೆ ದೇಹವನ್ನು ಅಣಿಗೊಳಿಸುತ್ತದೆ.

ಬಿರುಸೆಂದರೆ ಎಷ್ಟು ಬಿರುಸು? ಜಪಾನಿನ ಸಂಶೋಧಕರು ಅವರವರ ಗರಿಷ್ಠ ಸಾಮರ್ಥ್ಯದ ಶೇಕಡಾ 70ಕ್ಕಿಂತ ಮೇಲೆಂದೂ, ನಿಧಾನವೆಂದರೆ ಶೇಕಡಾ 40ರ ಆಸುಪಾಸೆಂದೂ ಗೊತ್ತುಮಾಡಿದರು. ಉಪಕರಣವಿಲ್ಲದವರಿಗೆ ಉಸಿರೇ ಉಪಕರಣ. ನಿಧಾನದಲ್ಲಿ ಪದ್ಯವನ್ನು ಸಲೀಸಾಗಿ ಹಾಡಬಹುದು. ಬಿರುಸಿನಲ್ಲಿ ಎರಡು ಮಾತಾಡಬಹುದೇ ಹೊರತು ಹಾಡಲಾಗದು. ಮೂರು ನಿಮಿಷವೆಂಬುದೂ ಕೂದಲೆಳೆಯ ಲೆಕ್ಕವಲ್ಲ. ಗಡಿಯಾರವಿಲ್ಲದಿದ್ದರೆ ರಸ್ತೆಯ ವಿದ್ಯುತ್ ಕಂಬಗಳನ್ನೇ ಗುರುತಾಗಿಟ್ಟುಕೊಳ್ಳಬಹುದು. ಬೆನ್ನು ನೆಟ್ಟಗಿರಲಿ, ಮೊಣಕೈ ಮಡಿಚಿ ತೋಳು ಬೀಸಲಿ, ಹೆಜ್ಜೆ ಎಂದಿಗಿಂತ ತುಸು ನೀಳವಾಗಲಿ. ಧೋತರ, ಸೀರೆಗಳು ಕಾಲಿಗೆ ತೊಡಕದಂತಿರಲಿ. ಸಡಿಲವಾದ ಚಪ್ಪಲಿ ಬಿರುಸಿನ ನಡಿಗೆಗೆ ಸಲ್ಲದು.

ಇಲ್ಲಿ ಒಂದು ವಿವೇಕವೂ ಬೇಕು. ಮಾತ್ಸುಮೋಟೋ ಬೆಟ್ಟಗಳ ನಡುವಿನ ಊರು. ಸೈದಾಪುರದ ಬಿಸಿಲು ಅಲ್ಲಿಲ್ಲ. ವಾಗ್ಭಟನ ಅಷ್ಟಾಂಗಹೃದಯವು ಬಲಿಷ್ಠರೂ ಅರ್ಧಶಕ್ತಿಯವರೆಗೆ ಮಾತ್ರ ವ್ಯಾಯಾಮ ಮಾಡಬೇಕೆಂದೂ, ಅದು ಶೀತಕಾಲ ಹಾಗೂ ವಸಂತಗಳಲ್ಲೆಂದೂ, ಉಳಿದ ಋತುಗಳಲ್ಲಿ ಇನ್ನೂ ಮಿತವಾಗಿರಬೇಕೆಂದೂ ವಿಧಿಸುತ್ತದೆ. ಉಷ್ಣದೇಶದ ಅನುಭವದಿಂದ ಬಂದ ಈ ಮಾತನ್ನು ಹೊಸ ವಿಧಾನದವರೂ ನೆನಪಿಡತಕ್ಕುದು. ಚೈತ್ರ-ವೈಶಾಖಗಳಲ್ಲಿ ಸೂರ್ಯೋದಯದ ಮುನ್ನವೇ ನಡಿಗೆ ಮುಗಿಯಬೇಕು. ಐದು ಆವರ್ತಗಳು ಭಾರವೆನಿಸಿದರೆ ಎರಡರಿಂದಲೇ ಆರಂಭಿಸಬಹುದು. ಹೃದ್ರೋಗಿಗಳೂ ಮೊಣಕಾಲಿನ ಬೇನೆಯುಳ್ಳವರೂ ವೈದ್ಯರನ್ನು ಕೇಳದೆ ಬಿರುಸಿಗಿಳಿಯಬಾರದು. ತೊಗರಿ, ಹತ್ತಿಯ ಹೊಲಗಳಲ್ಲಿ ದಿನವಿಡೀ ಬಾಗಿ ಕಳೆ ತೆಗೆದು, ಮನೆಗೆ ಬಂದು ನೀರು ಹೊರುವ ತಾಯಂದಿರಿಗಂತೂ ನಡಿಗೆಯ ಉಪದೇಶ ಮಾಡುವುದು ಅವಿವೇಕ. ಅವರಿಗೆ ಬೇಕಾದುದು ವಿಶ್ರಾಂತಿ ಮತ್ತು ಪುಷ್ಟಿಯಾದ ಆಹಾರ. ಈ ಮಾತು ಕುರ್ಚಿಯ ಮೇಲೆ ಕುಳಿತು ದುಡಿಯುವವರಿಗೆ, ಅಂಗಡಿಯ ಗಾದಿಯವರಿಗೆ, ನಿವೃತ್ತರಿಗೆ, ಮನೆಯ ಹೊಸ್ತಿಲು ದಾಟುವ ಅವಕಾಶ ಕಡಿಮೆಯಿರುವ ಗೃಹಿಣಿಯರಿಗೆ ಸಲ್ಲುವಂಥದು.

ಉಪಾಧ್ಯಾಯ ವರ್ಗವಂತೂ ಇದನ್ನು ವಿಶೇಷವಾಗಿ ಯೋಚಿಸಬೇಕು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನಿವೃತ್ತರಾದ ಕೆಲವೇ ವರ್ಷಗಳಲ್ಲಿ ಮೆಟ್ಟಿಲೇರಲು ಗೋಡೆ ಹಿಡಿಯುವಂತಾದರೆ ಅದು ಅವರೊಬ್ಬರ ಕಷ್ಟವಲ್ಲ; ಅವರ ನೆನಪಿನಲ್ಲಿರುವ ವಿದ್ಯೆಯೂ ಮನೆಯೊಳಗೇ ಉಳಿದುಹೋಗುತ್ತದೆ. ಊರಿನ ಪುರಾಣಕ್ಕೆ, ಶಾಲೆಯ ಸಮಾರಂಭಕ್ಕೆ, ಹಳೆಯ ಶಿಷ್ಯನ ಮನೆಯ ಮದುವೆಗೆ ಸ್ವಂತ ಕಾಲಿನ ಮೇಲೆ ಹೋಗಿ ಬರುವ ಶಕ್ತಿಯೇ ವೃದ್ಧಾಪ್ಯದ ಸ್ವಾತಂತ್ರ್ಯ. ತೊಡೆಯ ಬಲವನ್ನು ಕಾಪಾಡುವುದೆಂದರೆ ಆ ಸ್ವಾತಂತ್ರ್ಯವನ್ನು ಕಾಪಾಡುವುದು.

ಇದಕ್ಕೆ ಹೊಸ ಕಟ್ಟಡ ಬೇಡ, ದುಬಾರಿ ಯಂತ್ರ ಬೇಡ. ಅನೇಕ ಶಾಲೆಗಳಲ್ಲಿ ಮೈದಾನವಿದೆ, ಗಂಟೆಯಿದೆ. ವಾರದಲ್ಲಿ ನಾಲ್ಕು ದಿನ ಮುಂಜಾನೆ ಅರ್ಧ ಗಂಟೆ ಶಾಲೆಯ ಬಾಗಿಲನ್ನು ಊರಿನ ಹಿರಿಯರಿಗೂ ಮಹಿಳೆಯರಿಗೂ ತೆರೆದಿಟ್ಟು, ಮೂರು ಮೂರು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿದರೆ ಸಾಕು. ಒಂದು ಗಂಟೆಗೆ ಬಿರುಸು, ಮರುಗಂಟೆಗೆ ನಿಧಾನ. ವಾಹನಗಳು ನುಗ್ಗುವ ರಸ್ತೆಯಲ್ಲಿ ನಡೆಯಲು ಅಂಜುವ ಹೆಣ್ಣುಮಕ್ಕಳಿಗೆ ಆವರಣದೊಳಗಿನ ಆ ಹಾದಿ ದೊಡ್ಡ ಉಪಕಾರ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮೈದಾನದ ಸುತ್ತ ಕಾಲುಹಾದಿಯನ್ನು ಸಮತಟ್ಟುಗೊಳಿಸಿ, ಎರಡೂ ಬದಿಗೆ ಬೇವಿನ ಸಸಿಗಳನ್ನು ನೆಡಿಸಿ, ಒಂದು ಕುಡಿಯುವ ನೀರಿನ ವ್ಯವಸ್ಥೆ ಮಾಡಿಸಿದರೆ ಆ ದಾನದ ಫಲ ಅನೇಕ ತಲೆಮಾರುಗಳಿಗೆ ನೆರಳಾದೀತು.

ಎಣಿಕೆಯ ಭಯದಿಂದ ನಡಿಗೆಯನ್ನು ಬಿಟ್ಟವರು ಗತಿಯ ಮೇಲಿನ ನೆಚ್ಚಿಕೆಯಿಂದ ಮರಳಿ ಹೆಜ್ಜೆ ಹಾಕಲಿ. ಮಕ್ಕಳನ್ನು ವರ್ಗಕ್ಕೆ ಕರೆಯುವ ಗಂಟೆಯೇ ಮುಂಜಾನೆಯ ಹೊತ್ತು ಅವರ ಅಜ್ಜ-ಅಜ್ಜಿಯರನ್ನು ಆರೋಗ್ಯದ ಹಾದಿಗೆ ಕರೆಯುವಂತಾಗಲಿ.