ಗತಿಸಿದವರ ಹೆಸರಿನ ಮನೆಗಳು

ಒಂದು ಮನೆಯ ಒಡೆಯರು ಯಾರು ಎಂಬ ಪ್ರಶ್ನೆಗೆ ನಮ್ಮ ನಗರಗಳಲ್ಲಿ ಸರ್ಕಾರ ಒಂದೇ ಬಾಯಿಯಿಂದ ಉತ್ತರಿಸುವ ಸ್ಥಿತಿಯಲ್ಲಿಲ್ಲ. ಉಪನೋಂದಣಿ ಕಚೇರಿಯ ದಸ್ತಾವೇಜು ಒಬ್ಬರನ್ನು ಹೆಸರಿಸಿದರೆ, ಸ್ಥಳೀಯ ಸಂಸ್ಥೆಯ ಖಾತಾ ವಹಿ ಮತ್ತೊಬ್ಬರನ್ನು ಹೆಸರಿಸುತ್ತದೆ. ವಿದ್ಯುತ್ ಬಿಲ್ಲು ಮೂರನೆಯವರ ವಿಳಾಸಕ್ಕೆ ಬರುತ್ತದೆ. ಇವರಲ್ಲಿ ಒಬ್ಬರು ಕಾಲವಾಗಿ ದಶಕಗಳೇ ಕಳೆದಿರುವುದೂ ಅಪರೂಪವಲ್ಲ. ಆದರೂ ಅವರ ಹೆಸರಿನಲ್ಲಿ ಪ್ರತಿವರ್ಷ ಕಂದಾಯದ ರಸೀದಿ ಹುಟ್ಟುತ್ತದೆ, ಹಣ ಜಮೆಯಾಗುತ್ತದೆ. ತೆರಿಗೆ ಸ್ವೀಕರಿಸುವಾಗ ಸಾವನ್ನು ಗಮನಿಸದ ವ್ಯವಸ್ಥೆಯು, ವಾರಸುದಾರರು ಹೆಸರು ಬದಲಿಸಿಕೊಡಿ ಎಂದು ಅರ್ಜಿ ಹಿಡಿದು ಬಂದ ದಿನ ಮಾತ್ರ ಆ ಸಾವಿಗೆ ಪುರಾವೆ ಕೇಳುತ್ತದೆ.

ಖಾತೆಯೆಂಬುದು ಒಡೆತನದ ಪತ್ರವಲ್ಲ. ಆಸ್ತಿ ತೆರಿಗೆಯ ಹೊಣೆಗಾರರು ಯಾರೆಂದು ಗುರುತಿಸುವ ದಾಖಲೆ. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಸ್ಪಷ್ಟಪಡಿಸಿದೆ. ಹಕ್ಕು ಸಿದ್ಧಿಸುವುದು ನೋಂದಾಯಿತ ಕ್ರಯಪತ್ರದಿಂದ, ದಾನಪತ್ರದಿಂದ, ವಿಭಾಗಪತ್ರದಿಂದ, ಉಯಿಲಿನಿಂದ ಅಥವಾ ಉತ್ತರಾಧಿಕಾರದ ನಿಯಮದಿಂದ. ಇದು ನ್ಯಾಯಾಲಯದ ಸತ್ಯ. ಆದರೆ ಲೋಕವ್ಯವಹಾರದ ಸತ್ಯ ಇದಕ್ಕೆ ವ್ಯತಿರಿಕ್ತವಾಗಿದೆ. ಬ್ಯಾಂಕು ಸಾಲಕ್ಕೆ ಖಾತೆ ಕೇಳುತ್ತದೆ, ಕಟ್ಟಡದ ನಕ್ಷೆಗೆ ಮಂಜೂರಾತಿ ನೀಡುವವರು ಖಾತೆ ಕೇಳುತ್ತಾರೆ, 2024ರ ಅಕ್ಟೋಬರ್‌ನಿಂದ ನಗರದ ಆಸ್ತಿ ಪರಭಾರೆಗೆ ಇ-ಖಾತೆಯೇ ಕಡ್ಡಾಯ. ಹಕ್ಕನ್ನು ಕೊಡುವ ಶಕ್ತಿಯಿಲ್ಲದ ಕಾಗದವೊಂದಕ್ಕೆ ಹಕ್ಕಿನ ಚಲಾವಣೆಯನ್ನೇ ತಡೆಯುವ ಶಕ್ತಿಯನ್ನು ಪ್ರಭುತ್ವ ಕೊಟ್ಟಿದೆ. ಅಂಥ ಶಕ್ತಿಯನ್ನು ಕೊಟ್ಟ ಮೇಲೆ ಆ ಕಾಗದವನ್ನು ಕಾಲಕಾಲಕ್ಕೆ ಸರಿಯಾಗಿಡುವ ಹೊಣೆಯೂ ಕೊಟ್ಟವರದ್ದೇ ಆಗಬೇಕಿತ್ತು. ಹಾಗಾಗಲಿಲ್ಲ ಎಂಬುದು ನಮ್ಮ ಮೂಲ ಆಕ್ಷೇಪ.

ಮನೆ ಕೊಂಡವರ ಸ್ಥಿತಿಯನ್ನು ಮೊದಲು ನೋಡೋಣ. 60 ಲಕ್ಷ ರೂಪಾಯಿಯ ಮನೆಗೆ ಶೇ 5ರಂತೆ 3 ಲಕ್ಷ ರೂಪಾಯಿ ಮುದ್ರಾಂಕ ಶುಲ್ಕ, 2025ರ ಆಗಸ್ಟ್ ಅಂತ್ಯದಿಂದ ಇಮ್ಮಡಿಯಾದ ದರದಲ್ಲಿ ಶೇ 2ರಷ್ಟು, ಎಂದರೆ 1.20 ಲಕ್ಷ ರೂಪಾಯಿ ನೋಂದಣಿ ಶುಲ್ಕ, ಇವುಗಳ ಜೊತೆಗೆ ಉಪಕರ ಮತ್ತು ಅಧಿಭಾರ. ಕೊಂಡವರ ಬೆರಳಚ್ಚು, ಮಾರಿದವರ ಬೆರಳಚ್ಚು, ಇಬ್ಬರ ಭಾವಚಿತ್ರ, ಸಾಕ್ಷಿಗಳ ಸಹಿ ಎಲ್ಲವೂ ಸರ್ಕಾರದ ಗಣಕಯಂತ್ರದಲ್ಲಿ ದಾಖಲಾಗುತ್ತವೆ. ಒಡೆತನ ಬದಲಾಯಿತು ಎಂಬ ಸಂಗತಿ ಆ ಕ್ಷಣದಿಂದ ಸರ್ಕಾರಕ್ಕೆ ತಿಳಿದ ಸಂಗತಿ. ಆದರೂ ಅದೇ ಸರ್ಕಾರದ ಮತ್ತೊಂದು ಅಂಗಕ್ಕೆ ಅದೇ ಸಂಗತಿಯನ್ನು ತಿಳಿಸಲು ಪ್ರಜೆಯೇ ಕ್ರಯಪತ್ರದ ನಕಲು, ಋಣಭಾರ ಪ್ರಮಾಣಪತ್ರ, ಹಿಂದಿನ ಕಂದಾಯ ರಸೀದಿಗಳನ್ನು ಹೊತ್ತು ಬಿಲ್ ಕಲೆಕ್ಟರ್‌ನಿಂದ ಕಂದಾಯ ನಿರೀಕ್ಷಕರಿಗೆ, ಅಲ್ಲಿಂದ ಕಂದಾಯ ಅಧಿಕಾರಿಗೆ ಅಲೆಯುವುದು ದಶಕಗಳ ಕಾಲ ರೂಢಿಯಾಗಿ ನಡೆದುಬಂತು. ಬೆಂಗಳೂರಿನಲ್ಲಿ ಇದಕ್ಕೆ ಪ್ರತ್ಯೇಕ ಶುಲ್ಕವೂ ಉಂಟು: ತೆತ್ತ ಮುದ್ರಾಂಕ ಶುಲ್ಕದ ಶೇ 2.

ಇದು ಅನಿವಾರ್ಯವಾಗಿತ್ತೇ? ಈ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ರೈತರ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲೇ ದೇಶದ ಗಮನ ಸೆಳೆಯಿತು. ಕೃಷಿ ಜಮೀನಿನ ನೋಂದಣಿಯಾದರೆ ಅದರ ಮಾಹಿತಿ ಉಪನೋಂದಣಿ ಕಚೇರಿಯಿಂದ ತಾಲ್ಲೂಕು ಕಚೇರಿಗೆ ತಾನಾಗಿ ರವಾನೆಯಾಗಿ, ಆಕ್ಷೇಪಣೆಯ ಅವಧಿ ಮುಗಿದ ಬಳಿಕ ಮ್ಯುಟೇಶನ್ ನಡೆಯುವ ಕ್ರಮ ಎಷ್ಟೋ ವರ್ಷಗಳಿಂದ ಜಾರಿಯಲ್ಲಿದೆ. ಅದರಲ್ಲೂ ಲೋಪಗಳಿವೆ, ಲಂಚದ ದೂರುಗಳಿವೆ. ಆದರೆ ತತ್ವ ಇತ್ಯರ್ಥವಾಗಿದೆ: ಸುದ್ದಿ ಮುಟ್ಟಿಸುವ ಕೆಲಸ ಇಲಾಖೆಯದು, ರೈತರದ್ದಲ್ಲ. ಹೊಲಕ್ಕೆ ಸಂದ ಈ ನ್ಯಾಯ ನಗರದ ಮೂವತ್ತು-ನಲವತ್ತರ ನಿವೇಶನಕ್ಕೆ ಸಲ್ಲಲು ಇಷ್ಟು ಕಾಲ ಏಕೆ ಹಿಡಿಯಿತೆಂಬುದಕ್ಕೆ ತಾಂತ್ರಿಕ ಕಾರಣವನ್ನು ಯಾರೂ ಕೊಟ್ಟಿಲ್ಲ. ಕಡತ ಚಲಿಸುವ ಪ್ರತಿಯೊಂದು ಮೇಜಿನಲ್ಲೂ ಆದಾಯವಿತ್ತು ಎಂಬ ಕಾರಣವನ್ನು ಕೊಡಲು ಯಾರಿಗೂ ಇಷ್ಟವಿರಲಿಲ್ಲ. ಈಗ ನೋಂದಣಿ ಇಲಾಖೆಯ ‘ಕಾವೇರಿ’ ಮತ್ತು ಸ್ಥಳೀಯ ಸಂಸ್ಥೆಗಳ ‘ಇ-ಆಸ್ತಿ’ ತಂತ್ರಾಂಶಗಳನ್ನು ಬೆಸೆಯಲಾಗಿದೆ. ಕ್ರಯದ ಮಟ್ಟಿಗೆ ಇದು ಸ್ವಾಗತಾರ್ಹ. ಆದರೆ ಮನೆಗಳು ಕೈ ಬದಲಾಯಿಸುವುದು ಕ್ರಯದಿಂದ ಮಾತ್ರವಲ್ಲ.

ಮರಣದಿಂದ ಬರುವ ಮನೆಯ ಪ್ರಸಂಗದಲ್ಲಿ ಆಡಳಿತದ ನಿರ್ದಯತೆ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ನಗರದಲ್ಲಿ ಸಂಭವಿಸುವ ಮರಣವನ್ನು ನೋಂದಾಯಿಸುವವರು ಬಹುಪಾಲು ಸ್ಥಳೀಯ ಸಂಸ್ಥೆಯ ಆರೋಗ್ಯ ವಿಭಾಗದವರೇ. ಮರಣ ಪ್ರಮಾಣಪತ್ರದ ಮೇಲೆ ಬೀಳುವುದು ಅವರದೇ ಸಹಿ. ಒಂದು ವಿಭಾಗ ಬರೆದುಕೊಂಡ ಮರಣವನ್ನು ಇನ್ನೊಂದು ವಿಭಾಗ ಅರಿಯದು. ಶೋಕದಲ್ಲಿರುವ ಕುಟುಂಬ ಮೊದಲ ವಿಭಾಗದಿಂದ ಕಾಗದ ಪಡೆದು ಎರಡನೆಯದಕ್ಕೆ ಒಪ್ಪಿಸಬೇಕು. ಅದರ ಜೊತೆಗೆ ನಾಡಕಚೇರಿಯಿಂದ ವಂಶವೃಕ್ಷ, ನೋಟರಿಯಿಂದ ಪ್ರಮಾಣಿತ ಹೇಳಿಕೆ, ಎಲ್ಲ ವಾರಸುದಾರರ ಒಪ್ಪಿಗೆ. ಮೃತರ ಹೆಸರು ಒಂದು ದಾಖಲೆಯಲ್ಲಿ ಊರಿನ ಹೆಸರಿನೊಂದಿಗೂ ಇನ್ನೊಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರದೊಂದಿಗೂ ಇದ್ದರೆ, ಇಬ್ಬರೂ ಒಬ್ಬರೇ ಎಂದು ಸಾಧಿಸುವ ಹೊರೆ ಬದುಕಿರುವವರ ಮೇಲೆ ಬೀಳುತ್ತದೆ. ಕನ್ನಡಿಗರು ಹೆಸರಿಡುವ ಕ್ರಮವೇ ಹೀಗೆಂಬುದು ಕನ್ನಡ ನಾಡಿನ ಕಚೇರಿಗಳಿಗೆ ಹೊಸ ವಿಷಯವಾಗಬಾರದು.

ಈ ವಂಶವೃಕ್ಷವೆಂಬ ಕಾಗದದಲ್ಲಿ ನಡೆಯುವ ಅನ್ಯಾಯವನ್ನು ಕುರಿತು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಉಯಿಲು ಬರೆಯದೆ ಕಾಲವಾದ ಹಿಂದೂ ತಂದೆಯ ಸ್ವಯಾರ್ಜಿತ ಮನೆಯಲ್ಲಿ ಪತ್ನಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಬದುಕಿದ್ದರೆ ತಾಯಿಗೂ 1956ರ ಕಾಯ್ದೆಯ ಪ್ರಕಾರ ಸಮಾನ ಪಾಲಿದೆ. ಪಿತ್ರಾರ್ಜಿತದಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ತಿದ್ದುಪಡಿಯ ಮೂಲಕ ಹಕ್ಕು ನೀಡಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. 2020ರಲ್ಲಿ ಸುಪ್ರೀಂ ಕೋರ್ಟ್ ಉಳಿದಿದ್ದ ಸಂದೇಹವನ್ನೂ ನಿವಾರಿಸಿತು. ಇಷ್ಟೆಲ್ಲ ಆದ ಮೇಲೂ ಮದುವೆಯಾಗಿ ಹೋದವಳೆಂಬ ನೆಪದಲ್ಲಿ ಮಗಳ ಹೆಸರನ್ನು ವಂಶವೃಕ್ಷದಿಂದಲೇ ಕೈಬಿಡುವ, ಕೈಬಿಡದಿದ್ದರೆ ಅರಿಶಿನ-ಕುಂಕುಮದ ಲೆಕ್ಕದಲ್ಲಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಮರ್ಯಾದಸ್ಥರೆನಿಸಿಕೊಂಡ ಮನೆಗಳಲ್ಲೇ ನಡೆಯುತ್ತಿದೆ. ಅಂಥ ವಂಶವೃಕ್ಷವನ್ನು ಪರಿಶೀಲಿಸದೆ ಮೊಹರು ಒತ್ತುವ ಅಧಿಕಾರಿ ತಾನು ಕೇವಲ ಕಾಗದ ನೋಡಿದೆನೆಂದು ಹೇಳಿ ಪಾರಾಗಲಾರರು. ಹೆಸರು ಬಿಟ್ಟುಹೋದ ಮಗಳು ವರ್ಷಗಳ ನಂತರ ಸಿವಿಲ್ ನ್ಯಾಯಾಲಯದ ಮೆಟ್ಟಿಲೇರಿದಾಗ ಮುರಿಯುವುದು ಸಂಸಾರವೊಂದೇ ಅಲ್ಲ. ಆ ಮನೆಯನ್ನು ನಂಬಿ ಕೊಂಡ ಅಪರಿಚಿತನ ಜೀವಮಾನದ ಉಳಿತಾಯವೂ ಅದರೊಡನೆ ಸಿಲುಕುತ್ತದೆ.

ಕಾಲಕ್ಕೆ ಆಗದ ಖಾತೆಯ ಫಲವನ್ನು ಅನುಭವಿಸುವವರು ಬಹುತೇಕ ಮುಂದಿನ ತಲೆಮಾರಿನವರು. ಅಜ್ಜನ ಹೆಸರಿನಲ್ಲೇ ಉಳಿದ ಮನೆಗೆ ಮಕ್ಕಳ ಕಾಲದಲ್ಲಿ ಐದು ಸಹಿ ಸಾಕಾಗುತ್ತಿತ್ತು. ಮೊಮ್ಮಕ್ಕಳ ಕಾಲದಲ್ಲಿ ಹದಿನೈದು ಬೇಕಾಗುತ್ತವೆ, ಅವುಗಳಲ್ಲಿ ಎರಡು ಅಮೆರಿಕದಿಂದ, ಒಂದು ದುಬೈಯಿಂದ ರಾಜತಾಂತ್ರಿಕ ಕಚೇರಿಯ ದೃಢೀಕರಣದೊಂದಿಗೆ ಬರಬೇಕು. ಶಸ್ತ್ರಚಿಕಿತ್ಸೆಗೆಂದು, ಮಗಳ ಓದಿಗೆಂದು ಮನೆಯ ಆಧಾರದ ಮೇಲೆ ಹಣ ಬೇಕಾದ ದಿನವೇ ಆ ಮನೆ ದಾಖಲೆಯಲ್ಲಿ ತಮ್ಮದಲ್ಲವೆಂದು ಕುಟುಂಬಗಳಿಗೆ ತಿಳಿಯುತ್ತದೆ. ಇದಕ್ಕಿಂತ ಘೋರವಾದುದು ವಂಚನೆ. ಗತಿಸಿದ ಒಡೆಯರ ಹೆಸರು ವಹಿಯಲ್ಲಿ ಉಳಿದಿರುವ ಮನೆ, ಅದರಲ್ಲೂ ವೃದ್ಧರಿದ್ದು ಈಗ ಬೀಗ ಬಿದ್ದ ಮನೆ, ನಕಲಿ ವ್ಯಕ್ತಿಯನ್ನು ನಿಲ್ಲಿಸಿ ಆಸ್ತಿ ಮಾರುವವರಿಗೆ ಕಚ್ಚಾವಸ್ತು. ಪರಿಷ್ಕರಿಸದ ದಾಖಲೆಯನ್ನು ಕಾಪಿಟ್ಟುಕೊಂಡ ಕಚೇರಿ, ತನಗರಿವಿಲ್ಲದೆಯೇ ಆದರೂ, ಅವರಿಗೆ ನೆರವಾಗುತ್ತದೆ.

ಗಣಕೀಕರಣವೇ ಇದಕ್ಕೆಲ್ಲ ಪರಿಹಾರವೆಂಬ ಭರವಸೆ ಅಧಿಕಾರಸ್ಥರಿಂದ ಕೇಳಿಬರುತ್ತಿದೆ. ಬೆಂಗಳೂರಿನ 20 ಲಕ್ಷಕ್ಕೂ ಹೆಚ್ಚು ಆಸ್ತಿಗಳ ಕರಡು ಇ-ಖಾತೆಗಳನ್ನು ಅಂತರ್ಜಾಲಕ್ಕೆ ಏರಿಸಿದ್ದು ಸಣ್ಣ ಸಾಧನೆಯೇನಲ್ಲ. ಆದರೆ ಹಳೆಯ ವಹಿಯ ತಪ್ಪುಗಳು ಪರದೆಯ ಮೇಲೆ ಬಂದೊಡನೆ ಸರಿಯಾಗುವುದಿಲ್ಲ. ಕರಡಿನಲ್ಲಿ ಹೆಸರು ತಪ್ಪಿದ್ದರೆ, ಅಳತೆ ತಪ್ಪಿದ್ದರೆ, ಒಡೆಯರು ತೀರಿಕೊಂಡಿದ್ದರೆ, ತಿದ್ದುಪಡಿಗಾಗಿ ಮತ್ತೆ ಅದೇ ಕಚೇರಿ, ಅದೇ ಮೇಜು, ಬಾಗಿಲ ಹೊರಗೆ ಅದೇ ಏಜೆಂಟ್. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ಬಳ್ಳಾರಿಗಳಲ್ಲಿ ನಗರ ಆಸ್ತಿ ಒಡೆತನದ ದಾಖಲೆಗಾಗಿ ಪ್ರಾಪರ್ಟಿ ಕಾರ್ಡ್ ನೀಡುವ ಯೋಜನೆ ಹಿಂದೆಯೇ ಬಂದಿತ್ತು. ಮಂಗಳೂರಿನಲ್ಲಿ ಅದನ್ನು ಕಡ್ಡಾಯಗೊಳಿಸುವ ದಿನವನ್ನು ಮುಂದೂಡಿ ಮುಂದೂಡಿ ಜನರ ನಂಬಿಕೆಯೇ ಸವೆಯಿತು. ಒಂದು ದಾಖಲೆ ಕೆಟ್ಟಾಗ ಅದನ್ನು ತಿದ್ದುವ ಬದಲು ಪಕ್ಕದಲ್ಲಿ ಇನ್ನೊಂದನ್ನು ತೆರೆಯುವುದು ನಮ್ಮ ಆಡಳಿತದ ಹಳೆಯ ಚಟ. ‘ಬಿ’ ಖಾತೆಯ ಹುಟ್ಟೂ ಇಂಥದೇ. ಅಕ್ರಮವನ್ನು ತಡೆಯಲಾಗದವರು ಅದಕ್ಕೊಂದು ವಹಿ ತೆರೆದು ತೆರಿಗೆ ಎತ್ತಿದರು. ಆ ಚರ್ಚೆ ದೀರ್ಘವಾದದ್ದು, ಇಲ್ಲಿ ಬೇಡ.

ಹೊಣೆಯ ಮಾತಿಗೆ ಬರೋಣ. 1976ರ ಪೌರ ನಿಗಮಗಳ ಕಾಯ್ದೆಯು ಒಡೆತನ ಬದಲಾದ ಸೂಚನೆಯನ್ನು ಸಂಬಂಧಪಟ್ಟವರೇ ಪಾಲಿಕೆಗೆ ಕೊಡಬೇಕೆಂದು ವಿಧಿಸಿತು. ಗಣಕಯಂತ್ರವಿಲ್ಲದ ಕಾಲಕ್ಕೆ ಅದು ಒಪ್ಪುವಂಥದ್ದೇ. ನಾಗರಿಕರೂ ಈ ಕರ್ತವ್ಯವನ್ನು ಹಗುರವಾಗಿ ಕಂಡಿದ್ದಾರೆಂಬುದನ್ನು ಮರೆಮಾಚುವುದು ನ್ಯಾಯವಲ್ಲ. ನೋಂದಣಿಯಾದೊಡನೆ ಎಲ್ಲವೂ ಮುಗಿಯಿತೆಂದು ಕ್ರಯಪತ್ರವನ್ನು ಬೀರುವಿನಲ್ಲಿಟ್ಟು ನಿಶ್ಚಿಂತರಾದವರುಂಟು. ಹೆಸರು ಬದಲಿಸಲು ಹೊರಟರೆ ಪಾಲಿನ ಮಾತೆದ್ದೀತೆಂದು ವರ್ಷಗಟ್ಟಲೆ ಮುಂದೂಡಿದ ಅಣ್ಣತಮ್ಮಂದಿರುಂಟು. ಬಿಡಿ ಮನೆಗಳಿಗೆ ಪ್ರತ್ಯೇಕ ಖಾತೆ ಮಾಡಿಸದೆ ವಸತಿ ಸಮುಚ್ಚಯಗಳನ್ನು ಮಾರಿ ಕೈತೊಳೆದುಕೊಂಡ ಬಿಲ್ಡರುಗಳಂತೂ ಧಾರಾಳವಾಗಿದ್ದಾರೆ. ಆದರೆ ಈ ಲೋಪಗಳನ್ನು ಒಂದೆಡೆಯೂ ಆಡಳಿತದ ಲೋಪವನ್ನು ಇನ್ನೊಂದೆಡೆಯೂ ಇಟ್ಟು ಸಮತೂಕವೆನ್ನಲಾಗದು. ನಾಗರಿಕರು ತಪ್ಪಿದರೆ ದಂಡ ತೆರುತ್ತಾರೆ, ಸಾಲ ಕಳೆದುಕೊಳ್ಳುತ್ತಾರೆ, ವ್ಯಾಜ್ಯಕ್ಕೆ ಬೀಳುತ್ತಾರೆ. ಅಧಿಕಾರಿ ತಪ್ಪಿದರೆ?

2011ರ ಸಕಾಲ ಕಾಯ್ದೆ ಈ ಪ್ರಶ್ನೆಗೆ ಉತ್ತರ ನೀಡಲೆತ್ನಿಸಿತ್ತು. ಕಾಲಮಿತಿಯಲ್ಲಿ ಸೇವೆ ನೀಡದಿದ್ದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವನ್ನು ಅರ್ಜಿದಾರರಿಗೆ ಕೊಟ್ಟು, ಅದನ್ನು ಹೊಣೆಗಾರ ಅಧಿಕಾರಿಯಿಂದ ವಸೂಲು ಮಾಡಬೇಕೆಂಬುದು ಅದರ ಆಶಯ. ಇಪ್ಪತ್ತೈದು ದಿನಗಳಿಗೆ ಆ ಮೊತ್ತ ಮುಗಿಯುತ್ತದೆ. ಆ ಬಳಿಕ ವಿಳಂಬಕ್ಕೆ ಬೆಲೆಯೇ ಇಲ್ಲ. ಲಕ್ಷಾಂತರ ರೂಪಾಯಿಯ ವ್ಯವಹಾರ ತಡೆದು ನಿಲ್ಲಿಸಬಲ್ಲ ಮೇಜಿನ ಮುಂದೆ 500 ರೂಪಾಯಿಯ ದಂಡ ದಂಡವೆನಿಸದು. ಅದಕ್ಕೂ ಮಿಗಿಲಾಗಿ, ದಾಖಲೆ ಅಪೂರ್ಣವೆಂಬ ಒಂದು ಸಾಲಿನ ಷರಾ ಬರೆದು ಅರ್ಜಿಯನ್ನು ತಿರಸ್ಕರಿಸಿದರೆ ಗಡಿಯಾರ ಮೊದಲಿನಿಂದ ಓಡತೊಡಗುತ್ತದೆ. ಖಾತೆಗಾಗಿ ಲಂಚ ಪಡೆಯುತ್ತಿದ್ದಾಗ ಲೋಕಾಯುಕ್ತರ ಬಲೆಗೆ ಬಿದ್ದವರ ಸುದ್ದಿಗಳು ಈ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಎಷ್ಟು ಸಲ ಬಂದಿವೆಯೆಂದರೆ ಓದುಗರು ಅವುಗಳ ಶೀರ್ಷಿಕೆಯನ್ನಷ್ಟೇ ನೋಡಿ ಪುಟ ತಿರುವುತ್ತಾರೆ. ಸಮಾಜವೊಂದು ಅಪರಾಧಕ್ಕೆ ಇಷ್ಟು ಒಗ್ಗಿಹೋಗಿರುವುದಕ್ಕೆ ಸಿಕ್ಕಿಬಿದ್ದ ಗುಮಾಸ್ತನೊಬ್ಬನೇ ಉತ್ತರದಾಯಿಯಲ್ಲ. ನಗರಾಭಿವೃದ್ಧಿ, ಪೌರಾಡಳಿತ ಖಾತೆಗಳನ್ನು ಸರದಿಯಲ್ಲಿ ಹೊತ್ತ ಎಲ್ಲ ಪಕ್ಷಗಳ ಸಚಿವರೂ ಉತ್ತರದಾಯಿಗಳು.

ಆದುದರಿಂದ ನಮ್ಮ ನಿರ್ಣಯ ಹೀಗಿದೆ. ನೋಂದಾಯಿತ ಕ್ರಯದಲ್ಲಿ ಖಾತೆ ಬದಲಾವಣೆ ಅರ್ಜಿಯಿಲ್ಲದೆಯೇ ನಡೆಯಬೇಕು, ಮತ್ತು ಇದು ಬೆಂಗಳೂರಿನಷ್ಟೇ ಖಚಿತವಾಗಿ ಅತಿ ಚಿಕ್ಕ ಪಟ್ಟಣ ಪಂಚಾಯಿತಿಯಲ್ಲೂ ನಡೆಯಬೇಕು. ಶುಲ್ಕವನ್ನು ನೋಂದಣಿಯ ದಿನವೇ ಪಡೆದುಕೊಳ್ಳಲಿ. ಮರಣ ನೋಂದಣಿಯಾದೊಡನೆ ಆ ಹೆಸರಿನ ಖಾತೆಯ ಮೇಲೆ ‘ಪೌತಿ’ ಎಂಬ ಗುರುತು ಬಿದ್ದು, ಅದರ ಪರಭಾರೆ ತಡೆಹಿಡಿಯಲ್ಪಟ್ಟು, ವಾರಸುದಾರರಿಗೆ ಸ್ಥಳೀಯ ಸಂಸ್ಥೆಯೇ ನೋಟಿಸ್ ಕಳಿಸಬೇಕು. ಗ್ರಾಮೀಣ ಜಮೀನುಗಳಿಗೆ ಪೌತಿ ಖಾತೆಯ ಆಂದೋಲನ ನಡೆಸಿ ಅಧಿಕಾರಿಗಳನ್ನು ಮನೆಬಾಗಿಲಿಗೆ ಕಳಿಸಲು ಸಾಧ್ಯವಾದ ಸರ್ಕಾರಕ್ಕೆ ನಗರದಲ್ಲಿ ಅದು ಅಸಾಧ್ಯವೆನ್ನುವ ಅವಕಾಶವಿಲ್ಲ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಚ್ಚಿಟ್ಟವರ ಮೇಲೆ ಸುಳ್ಳು ಪ್ರಮಾಣದ ಮೊಕದ್ದಮೆ ಹೂಡಬೇಕು. ಇಂದಿನವರೆಗೆ ಆ ಕಾನೂನನ್ನು ಬಳಸಲು ಕಚೇರಿಗಳು ತೋರಿದ ಸಂಕೋಚಕ್ಕೆ ಸಮರ್ಥನೆಯಿಲ್ಲ. ಅರ್ಜಿ ತಿರಸ್ಕರಿಸುವ ಅಧಿಕಾರಿ ಯಾವ ದಾಖಲೆ, ಯಾವ ನಿಯಮದನ್ವಯ ಬೇಕೆಂದು ಒಂದೇ ಸಲ, ಬರಹದಲ್ಲಿ, ತನ್ನ ಹೆಸರಿನೊಡನೆ ಹೇಳಬೇಕು. ಎರಡನೆಯ ಸಲ ಹೊಸ ದಾಖಲೆ ಕೇಳುವ ಅಧಿಕಾರ ಅವರಿಗಿರಬಾರದು. ಸಕಾಲದ 500 ರೂಪಾಯಿಯ ಮಿತಿಯನ್ನು ತೆಗೆದುಹಾಕಲು ಬೇಕಾದುದು ಒಂದು ಪುಟದ ತಿದ್ದುಪಡಿ ಮಸೂದೆ. ಅದನ್ನು ಮುಂದಿನ ವಿಧಾನಮಂಡಲ ಅಧಿವೇಶನದ ಕಾರ್ಯಸೂಚಿಯಲ್ಲಿ ಸೇರಿಸಲು ಯಾವ ಸಮಿತಿಯ ವರದಿಯೂ ಬೇಕಾಗಿಲ್ಲ.