ಆನೆ ತೋರಿಸೋರಿಗೆ ಒಂದು ಮಾತು

ಹೋದ ದಸರಾ ರಜದಲ್ಲಿ ಹೊಲದ ಬೇಲಿ ಕಟ್ಟುತ್ತಿದ್ದೆ. ರಸ್ತೆಯಲ್ಲಿ ಒಂದು ಕಾರು ನಿಂತಿತು. "ಅಣ್ಣಾ, ಆನೆ ಎಲ್ಲಿ ಸಿಗುತ್ತೆ?" ಅಂದರು. ಟೀ ಎಲ್ಲಿ ಸಿಗುತ್ತೆ ಅಂತ ಕೇಳಿದ ಹಾಗೆ! "ರಾತ್ರಿ ನನ್ನ ರಾಗಿ ತಿನ್ನೋಕೆ ಬತ್ತದೆ ಸ್ವಾಮಿ" ಅಂದೆ. ನಾನು ಹೇಳಿದ್ದು ಹೊಟ್ಟೆ ಉರಿಗೆ. ಅವರು "ನೋಡೋಕೆ ಎಷ್ಟು ಕೊಡಬೇಕು?" ಅಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಹಾಗೆ ಕೇಳೋದನ್ನ ಕಲಿಸಿದವರು ಮಸಿನಗುಡಿ ಸುತ್ತಿನ ನಾವೇ. ಕತ್ತಲಾದ ಮೇಲೆ ಜೀಪು ಹತ್ತಿಸಿಕೊಂಡು, ಲೈಟು ಬಿಟ್ಟು ಕಾಟಿ ತೋರಿಸೋರು ನಮ್ಮ ಹುಡುಗರು. ಜಿಂಕೆ ಬರಲಿ ಅಂತ ರೂಮಿನ ಹಿಂದೆ ಹಣ್ಣಿನ ಸಿಪ್ಪೆ ಸುರಿಯೋರೂ ನಮ್ಮವರೇ.

ಮೇಷ್ಟ್ರೊಬ್ಬರು ವಾಚನಾಲಯದಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ಕಾಡಿನ ಚಿತ್ರ ತೋರಿಸಿದರು. ನೆಲದೊಳಗಿಂದ ಬಿಸಿನೀರು ಚಿಮ್ಮುತ್ತದೆ, ತೆಂಗಿನ ಮರಕ್ಕಿಂತ ಎತ್ತರ. 1872ರಲ್ಲೇ ಅದನ್ನು ರಾಷ್ಟ್ರೀಯ ಉದ್ಯಾನ ಅಂತ ಮಾಡಿದರಂತೆ. ಅಲ್ಲಿದ್ದ ಶೊಶೋನಿ ಮುಂತಾದ ಜನರನ್ನು ಹೊರಗೆ ಹಾಕಿದರು. ಆ ಕತೆ ನಮಗೆ ಹೊಸದಲ್ಲ, ಬಿಡಿ. ನನ್ನ ಕಿವಿ ನೆಟ್ಟಗಾಗಿದ್ದು ಕರಡಿ ವಿಷಯಕ್ಕೆ. ಹಿಂದೆ ಅಲ್ಲಿ ಹೋಟೆಲಿನ ಎಂಜಲನ್ನು ಒಂದು ಕಡೆ ಸುರಿದು, ಎದುರಿಗೆ ಬೆಂಚು ಹಾಕಿ, ಜನರನ್ನು ಕೂರಿಸಿ ಕರಡಿ ತೋರಿಸುತ್ತಿದ್ದರು. ಕರಡಿಗೆ ಜನರ ಹೆದರಿಕೆ ಹೋಯಿತು. ಜನರ ಕೈಕಾಲು ಹರಿಯಿತು, ಕರಡಿಗಳನ್ನೂ ಕೊಂದರು. ಕಡೆಗೆ 1970ರ ಹೊತ್ತಿಗೆ ಎಂಜಲು ಗುಂಡಿಗಳನ್ನು ಮುಚ್ಚಿದರು. ಈಗ ಅಲ್ಲಿ ಕರಡಿ, ತೋಳದಿಂದ ನೂರು ಗಜ ದೂರ ನಿಲ್ಲಬೇಕು ಅಂತ ಕಾನೂನು.

ನಮ್ಮ ರಿವಾಲ್ಡೋನ ಕತೆ ಬೇರೆಯೇ? ಸೊಂಡಿಲಿಗೆ ಗಾಯವಾಗಿದ್ದ ಆನೆ. ಪಾಪ ಅಂತ ಜನ ಹಣ್ಣು ಕೊಟ್ಟರು, ಆಮೇಲೆ ಅದೇ ರೂಢಿಯಾಯಿತು, ಅದು ಮನೆ ಬಾಗಿಲಿಗೇ ಬಂತು. 2021ರಲ್ಲಿ ವಾಳೈತೋಟದ ಹತ್ತಿರ ಅದನ್ನು ಕ್ರಾಲಿಗೆ ಹಾಕಿದರು, ಆಗಸ್ಟಿನಲ್ಲಿ ದೂರದ ಚಿಕ್ಕಹಳ್ಳದ ಕಾಡಿಗೆ ಒಯ್ದು ಬಿಟ್ಟರು. ನಡೆದುಕೊಂಡು ವಾಪಸ್ ಬಂತು! ಹಣ್ಣಿನ ರುಚಿ ಹತ್ತಿಸಿದ್ದು ನಾವು, ಮೂರು ತಿಂಗಳು ದಿಮ್ಮಿ ನಡುವೆ ನಿಂತಿದ್ದು ಅದು.

ಅದೇ ವರ್ಷ ಜನವರಿಯಲ್ಲಿ ಇನ್ನೊಂದು ಆನೆ. ಪ್ರವಾಸಿಗಳು ತಂಗುವ ಜಾಗಕ್ಕೆ ಬಂತು ಅಂತ ಉರಿಯುವ ಬೆಂಕಿಯನ್ನು ಅದರ ಮೇಲೆ ಎಸೆದರು. ಕಿವಿಗೆ ಅಂಟಿಕೊಂಡು ಉರಿಯಿತು. ಉರಿಯುತ್ತಲೇ ಓಡಿದ್ದನ್ನು ವೀಡಿಯೋದಲ್ಲಿ ಎಲ್ಲರೂ ನೋಡಿದ್ದೀರಿ. ಲಾರಿಯಲ್ಲಿ ಸತ್ತು ಮಲಗಿದ್ದ ಅದರ ಸೊಂಡಿಲು ಹಿಡಿದು ಅರಣ್ಯ ಇಲಾಖೆಯವರೊಬ್ಬರು ಅತ್ತರು. ಅಯ್ಯೋ ಅಂತ ನಾವೂ ಅತ್ತೆವು. ಆಮೇಲೆ?

ಆಮೇಲೆ ಏನಾಯಿತು ಅಂತ ನನ್ನದನ್ನೇ ಹೇಳುತ್ತೇನೆ. ಎರಡು ವರ್ಷ ಕಳೆದ ಮೇಲೆ ಒಂದು ರೆಸಾರ್ಟಿನವರು ಕರೆದರು. ಕ್ಯಾಂಪ್ ಫೈರ್ ಮುಂದೆ ಪದ ಹೇಳಬೇಕು, ಸಾವಿರ ರೂಪಾಯಿ. ಹೋದೆ. ತಂಬೂರಿ ಹಿಡಿದು ಮಾದಪ್ಪನ ಪದ ಎತ್ತಿದೆ. ಮಾದಪ್ಪ ಹುಲಿ ಮೇಲೆ ಬರೋ ಸ್ವಾಮಿ. ಅವರು ಅರ್ಧಕ್ಕೇ ನಿಲ್ಲಿಸಿ ಸಿನಿಮಾ ಹಾಡು ಕೇಳಿದರು. ಅದನ್ನೂ ಹೇಳಿದೆ. ಬೇಲಿ ಆಚೆ ಬಿದಿರು ಮುರಿಯೋ ಸದ್ದು. "ಬಂತು ಬಂತು" ಅಂತ ಮೊಬೈಲು ಎತ್ತಿಕೊಂಡು ಎದ್ದರು. ಒಬ್ಬ ಹುಡುಗ ಒಲೆಯಿಂದ ಕೊಳ್ಳಿ ಎತ್ತಿದ. ಎಸೆಯಲಿಲ್ಲ. ಎಸೆದಿದ್ದರೆ ನಾನೂ ಅಲ್ಲೇ ಕೂತಿದ್ದೆ ತಾನೆ? ಅವತ್ತಿನ ಸಾವಿರ ರೂಪಾಯಿ ತಗೊಂಡೆ, ಸುಳ್ಳು ಯಾಕೆ ಹೇಳಲಿ. ಮತ್ತೆ ಹೋಗಿಲ್ಲ.

"ತಾತ, ನೀನು ಹೊಲ ಇಟ್ಕೊಂಡು ಮಾತಾಡ್ತೀಯ, ನಮ್ಮ ಹೊಟ್ಟೆಗೆ?" ಅಂತ ಜೀಪಿನ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2007ರಲ್ಲಿ ಮುದುಮಲೆ ಹುಲಿ ರಕ್ಷಿತಾರಣ್ಯವಾಯಿತು. 2020ರಲ್ಲಿ ಆನೆ ದಾರಿಯ ತೀರ್ಪನ್ನು ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. 2022ರಲ್ಲಿ ಹುಲಿ ಕಾಡಿನೊಳಗೆ ದನ ಮೇಯಿಸಬಾರದು ಅಂತ ಹೈಕೋರ್ಟಿನ ಆದೇಶವಾಯಿತು. ಹಟ್ಟಿ ತುಂಬ ದನ ಇದ್ದ ಊರು ನಮ್ಮದು. ಇಲ್ಲಿನ ಗೊಬ್ಬರ ಕೇರಳದ ಕಾಫಿ ತೋಟಕ್ಕೆ ಲಾರಿಗಟ್ಟಲೆ ಹೋಗುತ್ತಿತ್ತು. ನಾನೇ ಆರು ಹಸು ಮಾರಿದೆ. ಹಸುವಿಗೆ ಮುಚ್ಚಿದ ಕಾಡಿನ ರಸ್ತೆಯಲ್ಲಿ ಕಾರು ಸಾಲುಗಟ್ಟಿ ಹೋಗೋದು ನೋಡಿದರೆ ನನಗೂ ಮೈ ಉರಿಯುತ್ತದೆ. ಸರ್ಕಾರವನ್ನು ಕೇಳೋಣ, ಎಲ್ಲರೂ ಸೇರಿ ಕೇಳೋಣ, ನಾನೇ ಮುಂದೆ ಕೂರುತ್ತೇನೆ. ಆದರೆ ಸರ್ಕಾರ ತಪ್ಪು ಮಾಡಿತು ಅಂತ ನಾವು ರಾತ್ರಿ ಲೈಟು ಬಿಡೋಕೆ ಪರ್ಮಿಟ್ಟು ಸಿಕ್ಕಿದ ಹಾಗಾಯಿತೇ? ಆನೆ ನಮ್ಮ ಹಸು ಕಿತ್ತುಕೊಂಡಿತೇ? ನಾಳೆ ಕೊಳ್ಳಿ ನೋಡಿ ರೊಚ್ಚಿಗೆದ್ದ ಆನೆ ತುಳಿಯೋದು ರೂಮು ಬುಕ್ಕು ಮಾಡಿದವರನ್ನಲ್ಲ. ಮುಂಜಾನೆ ಹಾಲು ಹಾಕೋಕೆ ಹೋಗೋ ಹೆಂಗಸನ್ನು, ಸ್ಕೂಲಿಗೆ ನಡೆಯೋ ಮಕ್ಕಳನ್ನು.

ಬಂದೋರಿಗೆ ಊಟ ಹಾಕಿ, ರೂಮು ಕೊಡಿ, ಹಣ ಇಸ್ಕೊಳ್ಳಿ, ತಪ್ಪಲ್ಲ. ಕಾಡು ನೋಡಬೇಕಾದರೆ ತೆಪ್ಪಕಾಡಿಗೆ ಕಳಿಸಿ, ಇಲಾಖೆ ಗಾಡಿ ಇದೆ. ಏನೂ ಕಾಣಲಿಲ್ಲ ಅಂತ ಬೈದರೆ ಬೈಸಿಕೊಳ್ಳಿ. ಅರವತ್ತು ವರ್ಷ ಇಲ್ಲೇ ಇದ್ದು ನಾನು ಹುಲಿ ಕಂಡಿದ್ದು ಮೂರೇ ಸಲ. ಕತ್ತಲಾದ ಮೇಲೆ ಜೀಪು ಬೇಡ, ಅಂಗಳದಲ್ಲಿ ಬೆಂಕಿ ಬೇಡ, ಸಿಪ್ಪೆ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಮೇಷ್ಟ್ರುಗಳು ಇದನ್ನು ಮಕ್ಕಳ ಕೈಲಿ ಬರೆಸಿ ಅವರವರ ಅಪ್ಪಂದಿರಿಗೆ ಕಳಿಸಲಿ.

ಆ ರೆಸಾರ್ಟಿನಿಂದ ಮೊನ್ನೆ ಮತ್ತೆ ಫೋನು ಬಂತು, ಈಗ ಎರಡು ಸಾವಿರ ಕೊಡ್ತೀವಿ ಅಂತ. ಪದ ಕೇಳೋ ಆಸೆ ಇದ್ದರೆ ಹಗಲು ಹೊತ್ತು ನಮ್ಮ ಜಗಲಿಗೆ ಬರಲಿ ಅಂದೆ. ಇನ್ನೂ ಯಾರೂ ಬಂದಿಲ್ಲ.